ಹಬೀಬನ ಬಸ್ಸಿನಲ್ಲಿ ಬಂದ ಮೂರು ಸೀಸೆ

ಚಿದ್ರಿ, ಬೀದರ
8 ಅಕ್ಟೋಬರ್ 1972

ಮಚ್ಛೇಂದ್ರ ಮಾಸ್ತರರಿಗೆ ಶ್ರೀಪಾದನ ನಮಸ್ಕಾರಗಳು.

ಎಂಟು ವರ್ಷದ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀರಿ. ಹರಿದು ಹಾಕದೆ ಇಲ್ಲಿಯವರೆಗೆ ಓದಿದ್ದರೆ ಮುಂದಿನದನ್ನೂ ಓದಿಬಿಡಿ. ಭಾಲ್ಕಿಯ ಶಾಲೆಯಲ್ಲಿ ನನ್ನ ಬರವಣಿಗೆಯನ್ನು ಕಾಗೆ ಕಾಲು ಗುಬ್ಬಿ ಕಾಲು ಎಂದು ನಗುತ್ತಿದ್ದವರು ನೀವು. ಅದನ್ನು ತಡವರಿಸದೆ ಓದಲು ಬರುತ್ತಿದ್ದುದೂ ನಿಮ್ಮೊಬ್ಬರಿಗೇ.

ನಾನು ಬೀದರಕ್ಕೆ ವರ್ಗವಾಗಿ ಬಂದು ಎರಡು ವರ್ಷವಾಯಿತು. ಆಯಿ, ಹೆಂಡತಿ ಅನಸೂಯಾ, ಮಗಳು ಎಲ್ಲರೂ ಚಿದ್ರಿಯ ಒಂದು ಬಾಡಿಗೆ ಮನೆಯಲ್ಲಿದ್ದೇವೆ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ಹಬೀಬ ಸಿಕ್ಕಿದ್ದ. ಭಾಲ್ಕಿಯಲ್ಲಿ ನಮ್ಮಿಬ್ಬರ ಕೈಯಲ್ಲೂ ಛಡಿ ತಿಂದ ಹುಡುಗ, ಈಗ ನಿಮ್ಮ ದಾರಿಯ ಬಸ್ಸಿನ ಕಂಡಕ್ಟರ್. ನಿಮ್ಮ ಸುದ್ದಿ ಕೇಳಿದೆ. "ಮಚ್ಛೇಂದ್ರ ಸರ್ ಕೆಮ್ಮೂದು ಊರ ಬರೂಕಿಂತ ಮೊದಲ ಬಸ್ಸಿನಾಗ ಕೇಳಸ್ತದರಿ" ಎಂದ. ಹೇಳುವಾಗ ಅವನು ನಗಲಿಲ್ಲ.

ಇಲ್ಲಿ ಎದೆಯ ರೋಗಕ್ಕೆಂದೇ ಒಬ್ಬ ಹೊಸ ಡಾಕ್ಟರರು ಬಂದಿದ್ದಾರೆ. ಅಬ್ದುಲ ವಾಹೀದ ಎಂದು ಹೆಸರು. ರೋಗಿಯ ಮಾತನ್ನು ಪೂರ್ತಿ ಕೇಳಿಸಿಕೊಳ್ಳುತ್ತಾರೆ, ಅದೇ ದೊಡ್ಡದು. ಒಂದು ಸಲ ಬಂದು ತೋರಿಸಿ. ಉಳಿಯಲು ನಮ್ಮ ಮನೆ ಇದೆ. ಭಾಲ್ಕಿಯ ವಿಷಯ ಈಗ ಬಿಟ್ಟುಬಿಡೋಣ.

ನಿಮ್ಮವ,
ಶ್ರೀಪಾದ


ಡಾಬಕಾ, ತಾಲೂಕು ಔರಾದ
22 ಅಕ್ಟೋಬರ್ 1972

ಶ್ರೀಪಾದ ಮಾಸ್ತರರಿಗೆ ಜಯಭೀಮ.

ಕಾಗದ ಮುಟ್ಟಿತು. ಹರಿದು ಹಾಕಲಿಲ್ಲ. ಅಕ್ಷರ ಇನ್ನೂ ಸುಧಾರಿಸಿಲ್ಲ.

ನನಗೆ ಡಾಕ್ಟರರು ಸಾಕಾಗಿದ್ದಾರೆ. ಒಂಬತ್ತು ವರ್ಷದಲ್ಲಿ ಎರಡು ಸಲ ಕ್ಷಯವೆಂದು ಹೇಳಿಸಿಕೊಂಡೆ. ಎರಡು ಸಲವೂ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡೆ. ಕೆಮ್ಮು ನಾಲ್ಕು ದಿನ ತವರಿಗೆ ಹೋದ ಹಾಗೆ ಹೋಗಿ ಮತ್ತೆ ಬಂತು. ಸೂಜಿಯಿಂದ ಎಡಗಿವಿಯಲ್ಲಿ ಗುಂಯ್ ಎನ್ನುವ ಸದ್ದು ಮಾತ್ರ ಕಾಯಂ ಉಳಿಯಿತು. ಬೆಳಿಗ್ಗೆ ಎದ್ದರೆ ಒಂದು ಬಟ್ಟಲು ಕಫ, ಕೆಲವು ಸಲ ಹಸಿರು, ಕೆಲವು ಸಲ ರಕ್ತದ ಎಳೆ.

ಶಾಲೆಯ ಹಾಜರಿಯಲ್ಲಿ ಅರವತ್ತೊಂದು ಹೆಸರಿವೆ. ಬರುವವರು ಹತ್ತೊಂಬತ್ತು. ಉಳಿದವರು ತಂದೆತಾಯಿಯ ಬೆನ್ನು ಹತ್ತಿ ಹೈದರಾಬಾದಿಗೋ ಪುಣೆಗೋ ಹೋಗಿದ್ದಾರೆ. ನನ್ನ ತಮ್ಮ ಗೋರಖನಾಥನೂ ಹೆಂಡತಿಯನ್ನು ಕರೆದುಕೊಂಡು ಪುಣೆಗೆ ಹೋದ. ಮಧ್ಯಾಹ್ನ ನನ್ನನ್ನು ಬರಗಾಲದ ಕಾಮಗಾರಿಯಲ್ಲಿ ಕೂಲಿಯವರ ಹಾಜರಿ ಬರೆಯಲು ಹಾಕಿದ್ದಾರೆ. ಅವರು ಖಡಿಕಲ್ಲು ಒಡೆಯುತ್ತಾರೆ, ನಾನು ಧೂಳು ನುಂಗುತ್ತೇನೆ.

ನನಗೆ ನೋವಾಗುವುದು ಒಂದಕ್ಕೇ. ಮಗಳು ಕೇಶರಗೆ ಈಗ ಎಂಟು ವರ್ಷ. ರೋಗ ಹತ್ತೀತೆಂದು ಒಂದು ದಿನವೂ ಅವಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿಲ್ಲ. ಅವಳು ಹುಟ್ಟಿದ ದಿನದಿಂದ ನಾನು ಹೊರಗಿನ ಪಡಸಾಲೆಯಲ್ಲಿ ಮಲಗುತ್ತೇನೆ.

ಭಾಲ್ಕಿಯ ವಿಷಯ ಬಿಡೋಣ ಎಂದಿರಿ. ನಾನೇಕೆ ಬಿಡಲಿ? ಮಾಸ್ತರರ ಕೋಣೆಯಲ್ಲಿ ನಾಲ್ಕು ಜನರ ಮುಂದೆ, ಚಹಾ ಬಂದ ಹೊತ್ತಿನಲ್ಲಿ, "ಮಾಸ್ತರ, ನಾಳಿಂದ ನಿಮ್ಮ ಗಿಲಾಸ ಮನಿಯಿಂದ ತರ್ರಿ, ಕೆಮ್ಮು ಅದ ಅಲ್ಲ" ಎಂದಿರಿ. ತಂದೆ. ಒಂದೇ ದಿನ. ಮರುದಿನ ಈ ಮೂಲೆಯ ಊರಿಗೆ ವರ್ಗ ಬೇಕೆಂದು ಅರ್ಜಿ ಬರೆದೆ. ಆ ಚಳಿಗಾಲವೆಲ್ಲ ಹೆಡ್‌ಮಾಸ್ತರ ಭಾಲಚಂದ್ರರಾಯರೂ ನನ್ನಷ್ಟೇ ಕೆಮ್ಮುತ್ತಿದ್ದರು. ಅವರಿಗೂ ಗಿಲಾಸು ತರಲು ಹೇಳಿದಿರಾ? ಇಷ್ಟೇ ಪ್ರಶ್ನೆ.

ಮಚ್ಛೇಂದ್ರ


ಚಿದ್ರಿ
30 ಅಕ್ಟೋಬರ್ 1972

ಮಾಸ್ತರರಿಗೆ ನಮಸ್ಕಾರ.

ನಿಮ್ಮ ಕಾಗದದಲ್ಲಿ ರೋಗದ ಬಗ್ಗೆ ಇದ್ದಷ್ಟನ್ನು ಅಬ್ದುಲ ವಾಹೀದ ಸಾಹೇಬರಿಗೆ ಓದಿ ಹೇಳಿದೆ. ಕಫವನ್ನು ಯಾರಾದರೂ ತಪಾಸಣೆ ಮಾಡಿದ್ದರೇ ಎಂದು ಕೇಳಿದರು. ನನಗೆ ತಿಳಿಯದು ಎಂದೆ. ನೀವು ಬರಲಾರಿರಾದರೆ ಕಫವೇ ಬರಲಿ ಎಂದರು.

ಸಣ್ಣ ಬಾಯಿಯ ಸೀಸೆ ಬೇಡ. ಅಗಲ ಬಾಯಿಯದನ್ನು ಕುದಿಸಿ ಒಣಗಿಸಬೇಕು. ಬೆಳಿಗ್ಗೆ ಎದ್ದ ಕೂಡಲೇ, ಬಾಯಿ ಮುಕ್ಕಳಿಸಿ, ಎದೆಯ ಆಳದಿಂದ ಕೆಮ್ಮಿ ಅದರಲ್ಲಿ ಹಾಕಬೇಕು. ಉಗುಳು ನಡೆಯುವುದಿಲ್ಲ. ಬಿಗಿಯಾಗಿ ಮುಚ್ಚಿ ಹಬೀಬನ ಕೈಗೆ ಕೊಟ್ಟರೆ ನಾನು ಸ್ಟ್ಯಾಂಡಿನಲ್ಲಿ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ ಮುಟ್ಟಿಸುತ್ತೇನೆ. ಹೀಗೆ ಮೂರು ಬೆಳಗು.

ನಿಮ್ಮ ಪ್ರಶ್ನೆಗೆ ಇವತ್ತು ಉತ್ತರ ಬರೆಯಲಾಗಲಿಲ್ಲ.

ಶ್ರೀಪಾದ


ಡಾಬಕಾ
14 ನವೆಂಬರ್ 1972

ಶ್ರೀಪಾದ ಮಾಸ್ತರರಿಗೆ,

ನಿಮ್ಮ ಕಾಗದವನ್ನು ಮಡಚಿ ಜೇಬಿನಲ್ಲಿಟ್ಟು ಮರೆಯಬೇಕೆಂದಿದ್ದೆ. ಹೆಂಡತಿ ಜಿಜಾಬಾಯಿ ಅದನ್ನು ಕೇಶರಳಿಂದ ಓದಿಸಿಕೊಂಡಳಂತೆ. ಮರುದಿನ ನೋಡಿದರೆ ಉಪ್ಪಿನಕಾಯಿಯ ಮೂರು ಸೀಸೆ ಒಲೆಯ ಮೇಲೆ ಕುದಿಯುತ್ತಿದ್ದವು. ಕುಡಿಯುವ ನೀರಿಗೆ ಎರಡು ಮೈಲಿ ನಡೆಯುವ ಈ ದಿನಗಳಲ್ಲಿ ಒಂದು ತಂಬಿಗೆ ನೀರನ್ನು ಸೀಸೆಗೆ ಸುರಿದಿದ್ದಳು. ಆ ನೀರು ನೋಡಿದ ಮೇಲೆ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ.

ಸೋಮವಾರದಿಂದ ಮೂರು ದಿನ ಕಳಿಸುತ್ತೇನೆ. ಉಪ್ಪಿನಕಾಯಿಯ ವಾಸನೆ ಪೂರ್ತಿ ಹೋಗಿಲ್ಲ, ನಿಮ್ಮ ಡಾಕ್ಟರರಿಗೆ ಮೊದಲೇ ಹೇಳಿಡಿ.

ಮಚ್ಛೇಂದ್ರ


ಚಿದ್ರಿ
3 ಡಿಸೆಂಬರ್ 1972

ಮಚ್ಛೇಂದ್ರ ಮಾಸ್ತರರಿಗೆ,

ಮೊದಲ ಸೀಸೆಯನ್ನು ಹಬೀಬ ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟ. ಜೇನುತುಪ್ಪವೆಂದುಕೊಂಡು ತನ್ನ ಬುತ್ತಿಯ ಚೀಲದಲ್ಲೇ ಇಟ್ಟುಕೊಂಡು ಬಂದಿದ್ದನಂತೆ. ಏನೆಂದು ಹೇಳಿದೆ. ಚೀಲದಿಂದ ಬುತ್ತಿಯನ್ನು ಹೊರಗೆ ತೆಗೆದ. ಆಮೇಲೆ, "ನಾಳಿಂದ ಬುತ್ತಿ ಬ್ಯಾರೆ ಚೀಲದಾಗ ಇಡ್ತೇನ್ರಿ ಸರ್, ಸೀಸಿ ಇದರಾಗ ಇರಲಿ, ಇದು ಅಲುಗಾಡಂಗಿಲ್ಲ" ಎಂದ. ಛಡಿ ತಿಂದ ಹುಡುಗರೆಲ್ಲ ಹೀಗೆ ತಯಾರಾಗುವುದಿದ್ದರೆ ಇನ್ನೂ ನಾಲ್ಕು ಕೊಡಬಹುದಿತ್ತು.

ಮೂರು ಸೀಸೆಯಲ್ಲೂ ಕ್ಷಯದ ಕ್ರಿಮಿ ಸಿಗಲಿಲ್ಲ. ಕ್ಷಯವೇ ಆಗಿದ್ದರೆ ಇಷ್ಟು ವರ್ಷ ಇಷ್ಟು ಕಫ ಬೀಳುವವರಲ್ಲಿ ಅದು ಕಾಣಬೇಕಿತ್ತು, ಇದು ಬೇರೇನೋ ಇದೆ, ಎದೆಯ ಫೋಟೋ ಬೇಕು ಎಂದು ಡಾಕ್ಟರರು ಹೇಳಿದ್ದಾರೆ. ಇನ್ನು ನೀವು ಬರಲೇಬೇಕು.

ಈಗ ನಿಮ್ಮ ಪ್ರಶ್ನೆ. ಭಾಲಚಂದ್ರರಾಯರಿಗೆ ನಾನು ಗಿಲಾಸು ತರಲು ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೂ ಇಲ್ಲ. ನಿಮಗೆ ಕೆಮ್ಮು ಹತ್ತುವ ಮೊದಲೇ, ನೀವು ಆ ಕೋಣೆಗೆ ಬಂದ ದಿನದಿಂದಲೇ, ನೀವು ಯಾವ ಗಿಲಾಸಿನಲ್ಲಿ ಕುಡಿದಿರಿ ಎಂದು ನನ್ನ ಕಣ್ಣು ಗುರುತು ಹಿಡಿಯುತ್ತಿತ್ತು. ಗೆಳೆಯ ಎನ್ನುತ್ತಿದ್ದೆ, ಜೊತೆಗೆ ಕೂತು ನಗುತ್ತಿದ್ದೆ, ಕಣ್ಣು ಮಾತ್ರ ತನ್ನ ಕೆಲಸ ಬಿಡಲಿಲ್ಲ. ಕೆಮ್ಮು ಬಂತು, ನನಗೊಂದು ನೆವ ಸಿಕ್ಕಿತು. ಆಯಿಯ ಮಡಿಯ ಮೇಲೆ ಇದನ್ನು ಹೊರಿಸಬಹುದು, ಮಗಳು ಆಗ ಕೂಸಾಗಿದ್ದಳು ಎನ್ನಬಹುದು. ಹೊರಿಸುವುದಿಲ್ಲ. ಮಾತು ನನ್ನ ಬಾಯಿಯಿಂದ ಬಂದದ್ದು.

ಮೂರು ದಿನ ನಿಮ್ಮ ಸೀಸೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಸೈಕಲ್ ತುಳಿದೆ. ಇದರಿಂದ ಅದು ಸರಿಹೋಯಿತು ಎಂದುಕೊಂಡಿಲ್ಲ. ಹೇಳಬೇಕೆನಿಸಿತು, ಹೇಳಿದೆ.

ಶ್ರೀಪಾದ


ಡಾಬಕಾ
26 ಜನವರಿ 1973

ಶ್ರೀಪಾದ ಮಾಸ್ತರರಿಗೆ ಜಯಭೀಮ.

ಎರಡು ತಿಂಗಳು ಉತ್ತರ ಬರೆಯಲಿಲ್ಲ. ನಿಮ್ಮ ಕಾಗದ ಓದಿ ಮೊದಲು ಮೈಯೆಲ್ಲ ಉರಿಯಿತು. ಆಮೇಲೆ ಒಂದು ದಿನ ಹಾಜರಿ ಬರೆಯುತ್ತ ಕೂತಾಗ ಮನಸ್ಸು ಹಗುರವಾದದ್ದು ಗೊತ್ತಾಯಿತು. ಏಕೆಂದು ಹೇಳುತ್ತೇನೆ. ಈ ಎಂಟು ವರ್ಷ ನನಗೆ ನನ್ನ ಮೇಲೆಯೇ ಸಂಶಯವಿತ್ತು. ಪಾಪ, ಕೂಸಿನ ತಂದೆ, ರೋಗಕ್ಕೆ ಹೆದರಿ ಹೇಳಿದ್ದನ್ನು ನಾನೇ ಜಾತಿಗೆ ಹಚ್ಚಿ ಗೆಳೆತನ ಮುರಿದೆನೇನೋ ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ. ನಾನು ಸರಿಯಾಗಿಯೇ ಕೇಳಿಸಿಕೊಂಡಿದ್ದೆ ಎಂದು ನೀವೇ ಬರೆದುಕೊಟ್ಟಿರಿ. ಅದಕ್ಕೆ ನಾನು ಋಣಿ. ನಗಬೇಡಿ, ನಿಜವಾಗಿ ಹೇಳುತ್ತಿದ್ದೇನೆ.

ಸಂಕ್ರಾಂತಿಯ ಮರುದಿನ ಕಾಮಗಾರಿಯ ಜಾಗದಲ್ಲಿ ರಕ್ತ ಬಂತು. ಎಳೆಯಲ್ಲ, ಬೊಗಸೆಯಷ್ಟು. ಕೂಲಿಯವರು ಸುತ್ತಿಗೆ ಕೆಳಗಿಟ್ಟು ದೂರ ನಿಂತರು. ಹಬೀಬ ಬಸ್ಸು ನಿಲ್ಲಿಸಿ ನನ್ನನ್ನು ಹತ್ತಿಸಿಕೊಂಡು ನೆಟ್ಟಗೆ ಬೀದರದ ಆಸ್ಪತ್ರೆಗೆ ಒಯ್ದ. ನೀವು ಆ ವಾರ ಭಾಲ್ಕಿಗೆ ಹೋಗಿದ್ದಿರಂತೆ, ಭೇಟಿಯಾಗಲಿಲ್ಲ. ವಾಹೀದ ಸಾಹೇಬರು ಫೋಟೋ ತೆಗೆಸಿದರು, ನಾಲ್ಕು ದಿನ ಇಟ್ಟುಕೊಂಡರು. ಎಡಗಡೆ ಫುಪ್ಪುಸದ ಕೆಳಭಾಗದಲ್ಲಿ ಏನೋ ಇದೆ, ಹೈದರಾಬಾದಿನಲ್ಲಿ ಎದೆಯ ತಜ್ಞರೊಬ್ಬರಿದ್ದಾರೆ, ತಡಮಾಡಬೇಡಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. ಶ್ವಾಸನಾಳದಲ್ಲಿ ಔಷಧ ಇಳಿಸಿ ಫೋಟೋ ತೆಗೆಯುತ್ತಾರಂತೆ. ಜೊತೆಗೆ ಒಬ್ಬರು ಇರಲೇಬೇಕಂತೆ.

ತಮ್ಮ ಪುಣೆಯಲ್ಲಿ. ಜಿಜಾಬಾಯಿ ಬಂದರೆ ನೀರು ತರುವವರಿಲ್ಲ. ನಾನು ಯಾರನ್ನೂ ಕರೆಯುತ್ತಿಲ್ಲ. ಇದ್ದದ್ದನ್ನು ತಿಳಿಸಿದೆ.

ಮಚ್ಛೇಂದ್ರ


ಹೈದರಾಬಾದ
19 ಫೆಬ್ರವರಿ 1973

ಜಿಜಾಬಾಯಿ ವೈನಿಯವರಿಗೆ ಶ್ರೀಪಾದನ ನಮಸ್ಕಾರ.

ಕೇಶರ, ಇದನ್ನು ನಿನ್ನ ಅವ್ವನಿಗೆ ನಿಧಾನವಾಗಿ ಓದಿ ಹೇಳು. ಅಕ್ಷರ ತಿಳಿಯದಿದ್ದರೆ ನನ್ನನ್ನು ಬೈದುಕೊಂಡು ಮತ್ತೊಮ್ಮೆ ನೋಡು.

ವೈನಿ, ಮಾಸ್ತರರು ಕ್ಷೇಮ. ಇಲ್ಲಿಯ ತಜ್ಞರ ಹೆಸರು ಜಹೀರೋದ್ದೀನ. ವಯಸ್ಸಾದವರು, ಮೆತ್ತಗಿನ ದನಿ. ಫೋಟೋ ತೆಗೆಯುವ ಮೊದಲು ಅರ್ಧ ಗಂಟೆ ಪ್ರಶ್ನೆ ಕೇಳಿದರು. ಸಣ್ಣವರಿದ್ದಾಗ ನಾಯಿಕೆಮ್ಮು ಬಂದಿತ್ತೇ ಎಂದು ಕೇಳಿದಾಗ ಮಾಸ್ತರರು ತಲೆ ಎತ್ತಿದರು. ಐದನೆಯ ವರ್ಷದಲ್ಲಿ ಬಂದಿತ್ತಂತೆ, ಉಳಿಯುವುದಿಲ್ಲವೆಂದು ಮನೆಯವರು ಕೈಬಿಟ್ಟಿದ್ದರಂತೆ.

ಆ ಕೆಮ್ಮಿನಲ್ಲೇ ಎಡಗಡೆಯ ಶ್ವಾಸನಾಳಗಳು ಹಿಗ್ಗಿ ಸಡಿಲಾಗಿಬಿಟ್ಟಿವೆ. ಹಿಗ್ಗಿದ ಜಾಗದಲ್ಲಿ ಕಫ ನಿಲ್ಲುತ್ತದೆ, ನಿಂತದ್ದು ಕೊಳೆಯುತ್ತದೆ, ಸೋಂಕು ಮತ್ತೆ ಮತ್ತೆ ಏಳುತ್ತದೆ. ಇದು ಪೂರ್ತಿ ಹೋಗುವುದಿಲ್ಲ ಎಂದು ಡಾಕ್ಟರರು ಮುಚ್ಚುಮರೆ ಇಲ್ಲದೆ ಹೇಳಿದರು. ಬಲಗಡೆಯೂ ಸ್ವಲ್ಪ ತಾಗಿರುವುದರಿಂದ ಕೊಯ್ದು ತೆಗೆಯುವಂತೆಯೂ ಇಲ್ಲ. ಆದರೆ ದಿನಾ ಎರಡು ಹೊತ್ತು ಕಫವನ್ನು ಹೊರಗೆ ತೆಗೆದರೆ, ಧೂಳಿನಿಂದ ದೂರ ಇದ್ದರೆ, ಹಸಿರಾದಾಗ ಬರೆದುಕೊಟ್ಟ ಕ್ಯಾಪ್ಸೂಲು ನುಂಗಿದರೆ, ಬಹಳ ವರ್ಷ ಪಾಠ ಹೇಳಬಹುದು. ಇದು ಕ್ಷಯ ಅಲ್ಲ, ಯಾರಿಗೂ ಹತ್ತುವುದಿಲ್ಲ.

ಇದನ್ನೆಲ್ಲ ಕೇಳಿ ಮಾಸ್ತರರು ಒಂದೇ ಪ್ರಶ್ನೆ ಕೇಳಿದರು. "ಸಾಹೇಬ್ರ, ಹಂಗಾದ್ರ ಮಗಳನ್ನ ಬಾಜೂಕ ಮಲಗಿಸ್ಕೋಬೌದೇನ್ರಿ?" ಊರು ಮುಟ್ಟಿದ ದಿನವೇ ಮಲಗಿಸಿಕೊಳ್ಳಿ ಎಂದರು ಡಾಕ್ಟರರು. ಮಾಸ್ತರರು ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತರು. ನಾನೂ ಆಚೆ ಮುಖ ಮಾಡಿದೆ.

ಕಫ ತೆಗೆಯುವ ಕ್ರಮವನ್ನು ನನಗೆ ಕಲಿಸಿದ್ದಾರೆ, ಬಂದು ನಿಮಗೆ ತೋರಿಸುತ್ತೇನೆ. ತಲೆ ಕೆಳಗೆ, ಸೊಂಟ ಮೇಲೆ ಬರುವಂತೆ ಬಲಮಗ್ಗುಲಾಗಿ ಮಲಗಿಸಿ, ಅಂಗೈಯನ್ನು ಬೊಗಸೆ ಮಾಡಿ ಬೆನ್ನಿನ ಎಡಕ್ಕೆ ಹದಿನೈದು ನಿಮಿಷ ಬಡಿಯಬೇಕು. ಇದನ್ನು ಅವರೇ ಮಾಡಿಕೊಳ್ಳಲು ಬರುವುದಿಲ್ಲ, ಇನ್ನೊಬ್ಬರ ಕೈಯೇ ಬೇಕು. ಮೊದಲ ದಿನ ನಾನು ಅಂಜುತ್ತ ಬಡಿದೆ. ಪುಸ್ತಕದ ಧೂಳು ಜಾಡಿಸುತ್ತಿದ್ದೀರಾ ಎಂದು ನರ್ಸಮ್ಮ ಗದರಿಸಿದರು.

ನಿಮ್ಮ ಮೈದುನನಂಥ,
ಶ್ರೀಪಾದ


ಡಾಬಕಾ
11 ಏಪ್ರಿಲ್ 1973

ಶ್ರೀಪಾದ ಮಾಸ್ತರರಿಗೆ ಜಯಭೀಮ.

ಪಡಸಾಲೆ ಬಿಟ್ಟು ಒಳಗೆ ಮಲಗುತ್ತಿದ್ದೇನೆ. ಕೇಶರ ಮೊದಲ ಎರಡು ದಿನ ನನ್ನ ಪಕ್ಕದಲ್ಲಿ ಕೋಲಿನ ಹಾಗೆ ಬಿಗಿಯಾಗಿ ಮಲಗಿದಳು. ಮೂರನೆಯ ದಿನದಿಂದ ಒದೆಯುತ್ತಾಳೆ. ಬೆಳಗಾದರೆ ಪಕ್ಕೆ ನೋಯುತ್ತದೆ, ಆ ನೋವಿಗೆ ಔಷಧ ಕೇಳುವುದಿಲ್ಲ.

ಜಿಜಾಬಾಯಿ ಎರಡು ಹೊತ್ತೂ ಬಡಿಯುತ್ತಾಳೆ. ಮದುವೆಯಾದಾಗಿನಿಂದ ಬಾಕಿ ಉಳಿದದ್ದನ್ನೆಲ್ಲ ತೀರಿಸಿಕೊಳ್ಳುತ್ತಿದ್ದೇನೆ ಎನ್ನುತ್ತಾಳೆ. ಕಫ ಅರ್ಧಕ್ಕೆ ಇಳಿದಿದೆ, ರಕ್ತ ಕಾಣಿಸಿಲ್ಲ. ವಾಹೀದ ಸಾಹೇಬರ ಚೀಟಿಯಿಂದ ಖಡಿಯ ಕೆಲಸ ತಪ್ಪಿತು. ಪೂರ್ತಿ ಎರಡು ತಾಸು ನಿಂತು ಪಾಠ ಹೇಳಿದೆ.

ಈ ಬರಗಾಲದಲ್ಲಿ ಊರೇ ಖಾಲಿಯಾಗುತ್ತಿರುವಾಗ ನನಗೆ ಇಷ್ಟು ಸಿಕ್ಕಿತಲ್ಲ ಎಂದು ಆಶ್ಚರ್ಯವಾಗುತ್ತದೆ. ಸೀಸೆ ಹೊತ್ತ ಹಬೀಬ, ಕ್ರಿಮಿ ಕಾಣಲಿಲ್ಲವೆಂದು ಅಲ್ಲಿಗೇ ಬಿಡದ ವಾಹೀದ ಸಾಹೇಬರು, ನಾಯಿಕೆಮ್ಮನ್ನು ನೆನಪಿಸಿದ ಆ ಮುದುಕರು, ಒಂಬತ್ತು ದಿನ ರಜೆ ಹಾಕಿ ನನ್ನ ಬಟ್ಟಲು ತೊಳೆದ ನೀವು. ನಿಮ್ಮ ಉಪಕಾರ ನಾನು ಮರೆಯುವುದಿಲ್ಲ. ಭಾಲ್ಕಿಯದನ್ನೂ ಮರೆಯುವುದಿಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳುತ್ತೇನೆ. ನೀವೂ ಹಾಗೇ ಇಟ್ಟುಕೊಂಡರೆ ನಮಗಿಬ್ಬರಿಗೂ ಸುಲಭ.

ಮಚ್ಛೇಂದ್ರ


ಡಾಬಕಾ
4 ಜುಲೈ 1973

ಶ್ರೀಪಾದ ಮಾಸ್ತರರಿಗೆ,

ಹಬೀಬನ ಕೈಯಲ್ಲೇ ಇದನ್ನು ಕೊಡುತ್ತಿದ್ದೇನೆ. ಪುಣೆಯಲ್ಲಿ ಗೋರಖನಾಥ ಕಟ್ಟಡದ ಮೇಲಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಅವನ ಹೆಂಡತಿ ಬಾಣಂತಿ. ಜಿಜಾಬಾಯಿ ಹೋಗುವುದಿಲ್ಲವೆಂದು ಹಟ ಹಿಡಿದಳು. ನಾನೇ ಬೈದು ಕಳಿಸಿದೆ, ಬರಲು ತಿಂಗಳಾಗುತ್ತದೆ. ಕೇಶರ ನನ್ನ ಜೊತೆಗಿದ್ದಾಳೆ.

ಐದು ದಿನದಿಂದ ಕಫ ಹಸಿರಾಗಿದೆ, ಜ್ವರ ಇದೆ. ಕ್ಯಾಪ್ಸೂಲು ಶುರುಮಾಡಿದ್ದೇನೆ. ಆದರೆ ಎದೆ ತುಂಬಿ ನಿಂತಿದೆ, ಹೊರಗೆ ಬರುತ್ತಿಲ್ಲ. ಕೇಶರ ಬಡಿಯುತ್ತಾಳೆ, ಅವಳ ಕೈ ಸಾಲದು, ಬಡಿದು ಬಡಿದು ಅಳುತ್ತಾಳೆ. ನೆರೆಯ ಕಾಶೀರಾಮನನ್ನು ಕೇಳಿದೆ. ಒಳ್ಳೆಯವನು, ಜೋಳ ಕೊಡುತ್ತಾನೆ, ನೀರು ಕೊಡುತ್ತಾನೆ. ಮುಟ್ಟಲು ಮಾತ್ರ ಹೆದರುತ್ತಾನೆ. ಕ್ಷಯವಲ್ಲ ಎಂದರೆ ತಲೆಯಾಡಿಸಿ ಬಾಗಿಲಲ್ಲೇ ನಿಲ್ಲುತ್ತಾನೆ.

ಜನವರಿಯಲ್ಲಿ ಯಾರನ್ನೂ ಕರೆಯುತ್ತಿಲ್ಲ ಎಂದು ಬರೆದಿದ್ದೆ. ಈಗ ಕರೆಯುತ್ತಿದ್ದೇನೆ. ಬನ್ನಿ.

ಮಚ್ಛೇಂದ್ರ


ಡಾಬಕಾ
12 ಜುಲೈ 1973

ತೀರ್ಥರೂಪ ಆಯಿಗೆ ಮಗ ಶ್ರೀಪಾದನ ಸಾಷ್ಟಾಂಗ ನಮಸ್ಕಾರಗಳು.

ಕಾಗದ ಸಿಕ್ಕ ಕೂಡಲೇ ನಿನಗೆ ಸರಿಯಾಗಿ ಹೇಳದೆ ಬಸ್ಸು ಹತ್ತಿದೆ. ಬಂದಾಗ ಮಚ್ಛೇಂದ್ರ ಮಾಸ್ತರರಿಗೆ ಒಂದು ವಾಕ್ಯ ಪೂರ್ತಿ ಆಡಲು ಉಸಿರು ಸಾಲುತ್ತಿರಲಿಲ್ಲ, ತುಟಿ ನೀಲಿಯಾಗಿತ್ತು. ಹೊರಸಿನ ಕಾಲ್ದೆಸೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ, ತಲೆ ಕೆಳಗೆ ಮಾಡಿ ಮಲಗಿಸಿದೆ. ಆ ದಿನ ನಾಲ್ಕು ಸಲ ಬಡಿದೆ. ಮೂರನೆಯ ಸಲಕ್ಕೆ ಒಳಗೆ ಕಟ್ಟಿದ್ದು ಕಿತ್ತುಕೊಂಡು ಬಂತು, ಅರ್ಧ ತಾಸು ಬಂತು. ಆಮೇಲೆ ಮಲಗಿದವರು ಸಂಜೆಯವರೆಗೆ ಏಳಲಿಲ್ಲ. ಹೋದರೇನೋ ಎಂದು ಕೇಶರ ಹತ್ತು ಸಲ ಮೂಗಿಗೆ ಬೆರಳು ಹಿಡಿದು ನೋಡಿದಳು. ನಿನ್ನೆ ಜ್ವರ ಬಿಟ್ಟಿತು. ಇವತ್ತು ಎದ್ದು ಕೂತು ನನ್ನ ಅಕ್ಷರವನ್ನು ಬೈದರು.

ನೆರೆಯ ಕಾಶೀರಾಮ ಬಾಗಿಲಲ್ಲಿ ನಿಂತು ಒಂದು ವಾರ ನೋಡಿದ. ಇವತ್ತು ಒಳಗೆ ಬಂದು, "ನನಗೂ ತೋರಸ್ರಿ ಮಾಸ್ತರ, ನೀವು ಹೋದ ಮ್ಯಾಲ ಯಾರು ಮಾಡೋರು" ಎಂದ. ಕಲಿಸುತ್ತಿದ್ದೇನೆ.

ಆಯಿ, ನಿನಗೆ ಒಂದು ಸುಳ್ಳು ಹೇಳಿದ್ದೆ. ಹೈದರಾಬಾದಿನಲ್ಲಿ ಕಾಕಾನ ಮನೆಯಲ್ಲಿ ಉಂಡೆ, ಅಲ್ಲೇ ಮಲಗಿದೆ ಎಂದಿದ್ದೆ. ಇಲ್ಲ. ಆಸ್ಪತ್ರೆಯ ಹತ್ತಿರ ಒಂದೇ ಕೋಣೆಯಲ್ಲಿ ಇದ್ದೆವು, ಒಂದೇ ಬುತ್ತಿ ಬಿಚ್ಚಿ ಉಂಡೆವು. ಇಲ್ಲಿಯೂ ಇವರ ಮನೆಯಲ್ಲೇ ಉಣ್ಣುತ್ತಿದ್ದೇನೆ. ಎಂಟು ವರ್ಷದ ಹುಡುಗಿ ರೊಟ್ಟಿ ಬಡಿದು ಹಾಕುತ್ತಾಳೆ. ಉಣ್ಣುವ ಮೊದಲು ಸ್ನಾನ ಮಾಡುತ್ತೀಯಾ ಎಂದು ನೀನು ಕೇಳುತ್ತೀ. ಮನೆಯಲ್ಲಿ ದಿನಕ್ಕೆ ಎರಡು ಕೊಡ ನೀರು ಇರುತ್ತದೆ. ಅದು ಕುಡಿಯಲು, ಅಡಿಗೆಗೆ, ಇವರ ಬಟ್ಟಲು ತೊಳೆಯಲು ಬೇಕು. ಇದ್ದರೂ ಮಾಡುತ್ತಿರಲಿಲ್ಲ.

ಹೋದ ಸಲ ಕರೆಯದೆ ನಾನೇ ಹಟದಿಂದ ಜೊತೆಗೆ ಹೋಗಿದ್ದೆ. ಈ ಸಲ ಅವರೇ ಬನ್ನಿ ಎಂದು ಬರೆದರು. ನಾನು ಅವರಿಗೆ ಮಾಡಿದ್ದನ್ನು ನೀನು ತಿಳಿಯೆ, ಬಂದು ಹೇಳುತ್ತೇನೆ. ಅಷ್ಟಾದ ಮೇಲೂ ಕರೆಯಲು ಅವರಿಗೆ ಮನಸ್ಸು ಬಂತಲ್ಲ, ಅದನ್ನು ನೆನೆದರೆ ನನ್ನ ಕಣ್ಣು ತುಂಬುತ್ತದೆ.

ಇಪ್ಪತ್ತೈದಕ್ಕೆ ವಾಹೀದ ಸಾಹೇಬರಿಗೆ ತೋರಿಸಬೇಕು. ನನ್ನ ಜೊತೆ ತಂದೆ ಮಗಳಿಬ್ಬರನ್ನೂ ಕರೆದುಕೊಂಡು ಬರುತ್ತೇನೆ. ಹತ್ತು ದಿನ ಇರುತ್ತಾರೆ. ಮಾಸ್ತರರು ನಡುಮನೆಯಲ್ಲಿ ಮಲಗುತ್ತಾರೆ, ನಮ್ಮ ಪಂಕ್ತಿಯಲ್ಲಿ ಉಣ್ಣುತ್ತಾರೆ. ನಿನಗೆ ಆಗದಿದ್ದರೆ ಈಗಲೇ ಬರೆಸು. ನಾನೂ ಅವರ ಜೊತೆ ಧರ್ಮಶಾಲೆಯಲ್ಲಿ ಇಳಿಯುತ್ತೇನೆ. ಸಿಟ್ಟಿನಿಂದ ಬರೆದದ್ದಲ್ಲ ಆಯಿ, ಅವರನ್ನು ಒಬ್ಬರನ್ನೇ ಇನ್ನೊಂದು ಸಲ ಬೇರೆ ಕೂರಿಸಲು ನನ್ನಿಂದ ಆಗುವುದಿಲ್ಲ.

ನಿನ್ನ ಮಗ,
ಶ್ರೀಪಾದ


ಚಿದ್ರಿ
18 ಜುಲೈ 1973

ಇವರಿಗೆ ಅನಸೂಯಾಳ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅತ್ತೆಯವರಿಗೆ ಓದಿದೆ. ಎರಡು ದಿನ ಒಂದು ಹೊತ್ತು ಊಟ ಬಿಟ್ಟರು. ಇವತ್ತು ಮುಂಜಾನೆ ನನ್ನನ್ನು ಕರೆದು ಕಾರ್ಡು ತೆಗೆದುಕೋ ಎಂದರು. ಅವರು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ.

"ಶ್ರೀಪಾದ, ನನಗ ಎಂಬತ್ತು ವರ್ಷ ಆಗ್ಲಿಕ್ಕ ಬಂತು. ನೀ ಹೇಳೂದು ನನ್ನ ಮನಸ್ಸಿಗೆ ಇನ್ನಾ ಒಗ್ಗಿಲ್ಲ, ಒಗ್ಗೇದ ಅಂತ ಸುಳ್ಳು ಹೇಳೂದಿಲ್ಲ. ಆದ್ರ ಉಸಿರು ಸಿಗದ ಮನಷಾನ್ನ ಧರ್ಮಶಾಲಿಗೆ ಕಳಿಸಿ ನಾ ಇಲ್ಲಿ ಜಪ ಮಾಡ್ಲಿ? ನಡುಮನಿ ಹೊರಸು ಗಿಡ್ಡದ, ಅದಕ್ಕ ನನ್ನ ಹೊರಸು ಅಲ್ಲಿ ಹಾಕ್ಸೇನಿ. ಇಟ್ಟಂಗಿ ತರಿಸಿ ಇಟ್ಟೇನಿ. ಒಂದೊಂದು ಕಾಲಿಗೆ ಎಷ್ಟು ಇಡಬೇಕು, ಅದನ್ನ ಯಾಕ ಬರದಿಲ್ಲ? ಲಗೂನ ಬರಿ."

ಅನಸೂಯಾ